ಮೂರನೇ ತಂತಿಯ ಕಾಯಿಲೆ ಪತ್ತೆಹಚ್ಚಿದ ಕಾಂತಕ್ಕ

ಬೆಳಗಿನ ಐದೂವರೆ. ಎದುರಿನ ಗೇಟು-ಕಿಟಕಿ ಮಾಡುವ ಶೆಡ್ಡಿನ ಬಾಗಿಲು ಇನ್ನೂ ತೆರೆದಿಲ್ಲ. ಅದು ತೆರೆದು, ಕಬ್ಬಿಣ ಕೊಯ್ಯುವ ಯಂತ್ರ ಕಿರುಚಲು ಶುರುವಾಯಿತೆಂದರೆ ಕಾಂತಕ್ಕನ ಹಳೆಯ ಆಂಪ್ಲಿಫೈಯರ್ ಕೂಡ ಗೊರಗೊರ ಎನ್ನುತ್ತದೆ. ಹಾಗಾಗಿ ಕಿವಿಗೊಟ್ಟು ಮಾಡುವ ಕೆಲಸವನ್ನೆಲ್ಲ ಅವರು ಎಂಟರೊಳಗೆ ಮುಗಿಸಿಬಿಡುತ್ತಾರೆ.

ಮೇಜಿನ ಮೇಲೆ ಬಿಳಿ ಬಟ್ಟೆ. ಬಟ್ಟೆಯ ಮೇಲೆ ಬೇಸ್ ಗಿಟಾರಿನಿಂದ ಬಿಚ್ಚಿದ ಪಿಕಪ್, ಬೆರಳುದ್ದದ ಕಪ್ಪು ಪಟ್ಟಿ. ಅದರೊಳಗೆ ಎಂಟು ಅಯಸ್ಕಾಂತದ ಕಡ್ಡಿಗಳು ನೆಟ್ಟಗೆ ನಿಂತಿವೆ, ಒಂದೊಂದು ತಂತಿಗೆ ಎರಡೆರಡು. ಅವುಗಳ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ಎಳೆ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಮಿಡಿದರೆ ಕಾಂತದ ಸೆಳೆತ ಕದಡುತ್ತದೆ, ಸುರುಳಿಯಲ್ಲಿ ಚೂರು ವಿದ್ಯುತ್ ಹುಟ್ಟುತ್ತದೆ. ಎದೆಗೆ ತಾಗುವ ಆ ಗುಂಯ್ ಎಂಬ ದನಿಯ ಮೂಲ ಇಷ್ಟೇ. ಎಂಟರಲ್ಲಿ ಒಂದು ಕಡ್ಡಿ ಕೆಟ್ಟರೂ ಆ ತಂತಿ ಸೊರಗುತ್ತದೆ. ಯಾವುದು ಕೆಟ್ಟಿದೆ ಎಂದು ಹುಡುಕುವುದು ಈ ಐವತ್ತೆಂಟರ ಹೆಂಗಸಿನ ಕಸುಬು.

ದಾರಕ್ಕೆ ಕಟ್ಟಿದ ಗುಂಡುಪಿನ್ನನ್ನು ಅವರು ಕಡ್ಡಿಯಿಂದ ಕಡ್ಡಿಗೆ ಇಳಿಬಿಡುತ್ತಾರೆ. ಎಂಟೂ ಪಟಪಟನೆ ಎಳೆದುಕೊಳ್ಳುತ್ತವೆ. "ಇಲ್ಲಿಗೇ ಬಿಟ್ಬಿಟ್ಟಿದಾರೆ, ಮೊದ್ಲು ನೋಡಿದ ಗಿಟಾರ್ ಅಂಗಡಿಯೋರು. ಎಳೀತಲ್ಲ, ಸರಿಯಿದೆ ಅಂತ," ಎಂದು ಮೂಗು ಮುರಿಯುತ್ತಾರೆ. ಆಮೇಲೆ ಬಟನ್ನಿನಷ್ಟು ಪುಟ್ಟ ದಿಕ್ಸೂಚಿ ಹೊರಬರುತ್ತದೆ. ಒಂದು, ಎರಡು, ಮೂರು, ನಾಲ್ಕು, ಎಲ್ಲಕ್ಕೂ ಮುಳ್ಳಿನ ಕೆಂಪು ತುದಿಯೇ ತಿರುಗುತ್ತದೆ. ಐದನೆಯದರ ಮುಂದೆ ಮುಳ್ಳು ಗರ್ರನೆ ಸುತ್ತಿ ಬಾಲ ತೋರಿಸುತ್ತದೆ.

"ಸಿಕ್ಕಿಬಿದ್ದೆಯಾ ಮಗನೇ!"

ಐದು ಮತ್ತು ಆರು ಮೂರನೇ ತಂತಿಯ ಜೋಡಿ. ಆರಕ್ಕೆ ಮತ್ತೆ ಕೆಂಪು ತುದಿ; ಐದರ ಕಾಂತದ ದಿಕ್ಕು ಮಾತ್ರ ತಲೆಕೆಳಗಾಗಿದೆ. ಆರನೆಯದು ಹುಟ್ಟಿಸಿದ ದನಿಯನ್ನು ಐದನೆಯದು ಅಳಿಸಿಹಾಕುತ್ತಿದೆ. "ಗಂಡ ಹೆಂಡತಿ ಇಬ್ರೂ ಗಟ್ಟಿಗರೇ. ಒಬ್ರು ಹೌದು ಅಂದ್ರೆ ಇನ್ನೊಬ್ರು ಅಲ್ಲ ಅಂತಾರೆ. ಹೊರಗಿನೋರಿಗೆ ಏನೂ ಕೇಳ್ಸಲ್ಲ."

ಹೆತ್ತವರು ಇಟ್ಟ ಹೆಸರು ಬೇರೆ. ಸಂಗೀತಗಾರರ ಬಾಯಲ್ಲಿ ಅಯಸ್ಕಾಂತದ ಅಕ್ಕ ಸವೆದು ಕಾಂತಕ್ಕ ಆಗಿದ್ದಾರೆ. ಹತ್ತೊಂಬತ್ತು ವರ್ಷ ಸ್ಪೀಕರ್ ಕಾರ್ಖಾನೆಯೊಂದರಲ್ಲಿ ಕಾಂತಗಳ ತಪಾಸಣೆ ಮಾಡಿದವರು, ದಿನಕ್ಕೆ ಆರುನೂರು ಕಾಂತ. ಕಾರ್ಖಾನೆ ಮುಚ್ಚಿದಾಗ ನಲವತ್ತರ ಹೆಂಗಸಿಗೆ ಎಲ್ಲೂ ಕೆಲಸ ಹುಟ್ಟಲಿಲ್ಲ. ಟೈಲರ್ ಆಗಿರುವ ಗಂಡ ತಮ್ಮ ಅಂಗಡಿಯ ಅರ್ಧ ಬಿಟ್ಟುಕೊಟ್ಟರು. ಇಂದಿಗೂ ಆ ಕಡೆ ಹೊಲಿಗೆ ಯಂತ್ರ, ಈ ಕಡೆ ಪಿಕಪ್ಪು, ನಡುವೆ ಒಂದು ಪರದೆ. "ನನ್ನ ಸೂಜಿಗಳೆಲ್ಲ ಇವಳ ಮೇಜಿಗೇ ಓಡಿಹೋಗ್ತವೆ," ಎಂಬುದು ಗಂಡನ ಹಳೆಯ ದೂರು.

ಶುರುವಿನಲ್ಲೇ ಎಡವಿದ್ದರು. ಸಡಿಲವಾಗಿದ್ದ ಒಂದು ಕಡ್ಡಿಯನ್ನು ಹೊರಗೆ ತಳ್ಳಲು ಹೋದಾಗ, ಅದಕ್ಕೇ ಸುತ್ತಿದ್ದ ಎಳೆ ಪಟ್ಟೆಂದು ಹರಿಯಿತು. ಮರುದಿನ ಆ ಗಿಟಾರಿನವನಿಗೆ ರೆಕಾರ್ಡಿಂಗ್ ಇತ್ತು. "ಆ ಮನುಷ್ಯ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ವಾಸಿಯಿತ್ತು." ಹೊಲಿಗೆ ಯಂತ್ರದ ಚಕ್ರಕ್ಕೇ ಅದನ್ನು ಕಟ್ಟಿ, ಎಂಟು ಸಾವಿರ ಸುತ್ತು ಎಣಿಸಿ ಮರಳಿ ಸುತ್ತಿಕೊಟ್ಟರು. ಅಷ್ಟರಲ್ಲಿ ಮೂರು ದಿನ ಕಳೆದಿತ್ತು, ರೆಕಾರ್ಡಿಂಗ್ ಬೇರೆಯವರ ಪಾಲಾಗಿತ್ತು. ಅಂದಿನಿಂದ ಇವರು ಕಡ್ಡಿಯನ್ನು ಜಾಗ ಬಿಟ್ಟು ಕದಲಿಸಿದ್ದಿಲ್ಲ.

ಈಗಲೂ ಕದಲಿಸುವುದಿಲ್ಲ. ಅಕ್ಕಪಕ್ಕದ ಕಡ್ಡಿಗಳಿಗೆ ಕಬ್ಬಿಣದ ತಗಡಿನ ಟೊಪ್ಪಿ ಹಾಕುತ್ತಾರೆ. "ಇವಕ್ಕೂ ತಿರುಗೋ ಚಪಲ ಹುಟ್ಬಾರ್ದು ನೋಡಿ." ಕಡಲೆಕಾಳಿನ ಗಾತ್ರದ ಎರಡು ಬಲವಾದ ಕಾಂತಗಳನ್ನು ಐದನೆಯದರ ಮೇಲೊಂದು, ಕೆಳಗೊಂದು ಹಿಡಿದು, ಉಸಿರು ಬಿಗಿಹಿಡಿದು ಹತ್ತು ಎಣಿಸಿ, ನೇರವಾಗಿ ಎತ್ತುತ್ತಾರೆ. ಬಲವಾದ ಕಾಂತ ಎಳೆದ ದಿಕ್ಕಿಗೇ ಕಡ್ಡಿಯ ಕಾಂತವೂ ತಿರುಗಿಕೊಳ್ಳುತ್ತದೆ. ದಿಕ್ಸೂಚಿ ಇಟ್ಟರೆ ಕೆಂಪು ತುದಿ. ಹುಡುಕಲು ಒಂದು ಗಂಟೆ, ಸರಿಮಾಡಲು ಒಂದು ನಿಮಿಷ.

ಈ ಗಿಟಾರನ್ನು ನಿನ್ನೆ ಸಂಜೆ ತಂದವರು ಒಬ್ಬ ನರ್ಸ್. ಅವರ ಅಪ್ಪ ಮೂವತ್ತು ವರ್ಷ ಒಂದು ಕ್ಲಬ್ಬಿನ ವಾದ್ಯತಂಡದಲ್ಲಿ ಬೇಸ್ ನುಡಿಸಿದವರು. ಎರಡು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಿಂದ ಬಂದು, ಬೆರಳಿಗೆ ಒಂದೊಂದಾಗಿ ಜೀವ ತರಿಸಿಕೊಂಡು ಗಿಟಾರ್ ಎತ್ತಿಕೊಂಡರೆ, ಮೂರನೇ ತಂತಿ ಮಾತ್ರ ಮಂಕು. ಬೆರಳಿಗೆ ಅಲ್ಲಿ ಬಲ ಸಾಲದು ಎಂದುಕೊಂಡರು. ದಿನಕ್ಕೆ ಎರಡು ಗಂಟೆ ಆ ಒಂದು ತಂತಿಯನ್ನೇ ಮಿಡಿದರು. ಹೋದ ತಿಂಗಳು, "ಇದನ್ನ ಯಾರಿಗಾದ್ರೂ ಕೊಟ್ಬಿಡು. ನನ್ನ ಕೈ ಮುಗೀತು," ಎಂದರಂತೆ. ಕೊಡುವ ಮುನ್ನ ಧೂಳು ಒರೆಸಿ, ಸುಮ್ಮನೆ ಮಿಡಿದು ನೋಡಿದ ಮಗಳಿಗೆ ತನ್ನ ಬೆರಳಿಗೂ ಅದೇ ಮಂಕು ದನಿ ಕೇಳಿತು. ಅಂಗಡಿಯಲ್ಲಿ ತಂತಿ ಬದಲಿಸಿದರೂ ಹಾಗೇ.

ಏಳು ಗಂಟೆಗೆ ಅಪ್ಪ ಮಗಳು ಬಂದಾಗ ಗಿಟಾರ್ ಜೋಡಣೆಯಾಗಿ ಕಾಯುತ್ತಿದೆ. ಮುದುಕರು ಒಲ್ಲದ ಮನಸ್ಸಿನಿಂದ ಕುಳಿತು, ಮೂರನೇ ತಂತಿಯನ್ನು ಒಮ್ಮೆ ಮಿಡಿಯುತ್ತಾರೆ. ಕಿಟಕಿಯ ಗಾಜು ಗುಂಯ್‌ಗುಡುತ್ತದೆ. ಪರದೆಯ ಆಚೆ ಹೊಲಿಗೆ ಯಂತ್ರ ನಿಲ್ಲುತ್ತದೆ. ಮತ್ತೊಮ್ಮೆ ಮಿಡಿಯುತ್ತಾರೆ. ಆಮೇಲೆ ಕೈಯನ್ನು ಮೇಲೆತ್ತಿ, ಯಾರದೋ ಕೈ ಎಂಬಂತೆ ತಿರುಗಿಸಿ ಮುರುಗಿಸಿ ನೋಡುತ್ತಾರೆ.

"ಹಾಗಾದ್ರೆ... ಕೈ ಸರಿಯಾಗೇ ಇತ್ತಾ?"

"ಕೈಗೆ ಏನೂ ಆಗಿಲ್ಲ ಅಣ್ಣ. ಕಡ್ಡಿ ತಿರುಗಿತ್ತು," ಎನ್ನುತ್ತಾರೆ ಕಾಂತಕ್ಕ. ಮಗಳ ಕಡೆ ತಿರುಗಿ, "ಇದರ ಹತ್ರ ಯಾವಾಗಾದ್ರೂ ಜೋರಾದ ಕಾಂತ ಇಟ್ಟಿದ್ರೇನಮ್ಮ?"

ನರ್ಸ್ ಮುಖ ಬಿಳಿಚಿಕೊಳ್ಳುತ್ತದೆ. ಅಪ್ಪ ಬಿದ್ದ ದಿನ ಕರೆಂಟ್ ಇರಲಿಲ್ಲ. ಆಸ್ಪತ್ರೆಯ ಕಾಗದ ಹುಡುಕಲು ಟಾರ್ಚ್ ತಂದಿದ್ದರು. ಅದರ ಬುಡದಲ್ಲಿ ಕಾಂತವಿತ್ತು. ಕೈ ಖಾಲಿ ಮಾಡಿಕೊಳ್ಳಲು ಪಕ್ಕದಲ್ಲಿದ್ದ ಗಿಟಾರಿನ ತಂತಿಗಳ ಮೇಲಿಟ್ಟಾಗ ಟಕ್ಕನೆ ಅಂಟಿಕೊಂಡಿತ್ತು. "ಕಿತ್ತು ತೆಗೆದಿದ್ದು ನೆನಪಿದೆ. ನಾನೇ ಅಪ್ಪ... ಎರಡು ವರ್ಷ..."

ಮುದುಕರು ಅವಳನ್ನೇ ನೋಡುತ್ತಾರೆ. ಬೈಯುತ್ತಾರೇನೋ ಎಂದು ಕಾಂತಕ್ಕನಿಗೂ ಒಂದು ಕ್ಷಣ ಅನ್ನಿಸುತ್ತದೆ. "ಆ ಕಾಗದ ಹುಡುಕ್ದೆ ಇದ್ದಿದ್ರೆ ನಾನೇ ಇರ್ತಿರ್ಲಿಲ್ವಲ್ಲೇ," ಎನ್ನುತ್ತಾರೆ ಮುದುಕರು. ಬಲಗೈ ಮುಂದೆ ಚಾಚಿ, "ದಿನಾ ಎರಡು ಗಂಟೆ ಮಿಡಿದೂ ಮಿಡಿದೂ ಈ ಬೆರಳು ಈಗ ಕಬ್ಬಿಣ ಆಗಿದೆ, ನೋಡು!" ಎಂದು ನಗುತ್ತಾರೆ. ಮಗಳು ಅಳುತ್ತಲೇ ನಗುತ್ತಾಳೆ.

ತಿಂಗಳಿಗೆ ಇಪ್ಪತ್ತು ಇಪ್ಪತ್ತೈದು ಪಿಕಪ್ಪುಗಳು ಈ ಮೇಜಿಗೆ ಬರುತ್ತವೆ. ಸರಿಯಾಗಿ ಹೋದವು ಯಾವ ವೇದಿಕೆ ಹತ್ತುತ್ತವೋ ಇವರಿಗೆ ಗೊತ್ತಿಲ್ಲ. ಕಾರ್ಯಕ್ರಮಗಳು ಶುರುವಾಗುವ ಹೊತ್ತಿಗೆ, ನಾಲ್ಕಕ್ಕೇ ಏಳುವ ಇವರಿಗೆ ಕಣ್ಣು ಎಳೆಯುತ್ತಿರುತ್ತದೆ. ಮುದುಕರು ಹೊರಡುವಾಗ, "ಭಾನುವಾರ ಬೆಳಿಗ್ಗೆ ನಮ್ಮ ತಂಡದ ಅಭ್ಯಾಸ ಇದೆ. ಬಾ ತಂಗೀ," ಎಂದು ಕರೆದಿದ್ದಾರೆ. ಕಾಂತಕ್ಕ ಗಂಡನ ಮುಖ ನೋಡುತ್ತಾರೆ. ಪರದೆ ಸರಿಸಿ ನಿಂತಿರುವ ಅವರು ಆಗಲೇ ಹೂಂ ಎಂದು ತಲೆಯಾಡಿಸಿಯಾಗಿದೆ.

"ಹದಿನೆಂಟು ವರ್ಷದಿಂದ ಒಂದೊಂದೇ ತಂತಿ ಕೇಳ್ತಾ ಬಂದಿದ್ದೀನಿ," ಎನ್ನುತ್ತಾರೆ ಮೇಜಿನ ಬಟ್ಟೆ ಮಡಚುತ್ತಾ. "ಒಂದು ಸಲ ಸುಮ್ನೆ ಕೂತು, ಪೂರ್ತಿ ಹಾಡು ಕೇಳ್ಬೇಕು."