ಆರ್ಗಿರೋ ತೊಳೆದ ಲೇತು

ತಪ್ಪಾಯಿತು ಎಂಬ ಮಾತು ಆರ್ಗಿರೋಳ ಬಾಯಿಂದ ಬಂದದ್ದನ್ನು ಗ್ರೀಸ್ ದೇಶದ ಸೀರೋಸ್ ದ್ವೀಪದಲ್ಲಿ ಕೇಳಿದವರಿರಲಿಲ್ಲ. ಮೀನಿನ ಸಾರು ಉಪ್ಪಾದರೆ ಅದು ಸಮುದ್ರದ ತಪ್ಪು, ಬಸ್ಸು ಹೊರಟುಹೋದರೆ ಡ್ರೈವರನದು. ಲೆಸ್ವೋಸ್ ದ್ವೀಪದಿಂದ ಮದುವೆಯಾಗಿ ಬಂದವಳು. ತವರಿನ ಆಲಿವ್ ಎಣ್ಣೆಯ ವಿಷಯಕ್ಕೆ ಯಾರಾದರೂ ಬಂದರೆ ಮೈಮೇಲೆ ಬೀಳುತ್ತಿದ್ದಳು. ಕಿವಿನೋವಿಗೆ ಅದೇ ಎಣ್ಣೆ, ಕಿರುಗುಟ್ಟುವ ಬಾಗಿಲಿಗೂ ಅದೇ. ಇಂಥವಳ ಜೊತೆ ಏಗುವುದು ಸುಲಭವಲ್ಲ, ಆದರೂ ಅವಳಿಲ್ಲದ ಬೀದಿಯನ್ನು ಊಹಿಸಿಕೊಳ್ಳಲು ಯಾರಿಗೂ ಮನಸ್ಸಾಗದು.

ಗಂಡ ಝಾನಿಸ್ ಬಂದರಿನ ಹಿಂದೆ ದೋಣಿ ಎಂಜಿನ್ನುಗಳ ರಿಪೇರಿ ಮಾಡುವವನು. ಕಬ್ಬಿಣ ಕಡೆಯುವ ಅವನ ಲೇತು ಯಂತ್ರ ಅಪ್ಪನ ಕಾಲದ್ದು. ಗ್ರೀಸು, ಧೂಳು, ಕಬ್ಬಿಣದ ಪುಡಿ ಎಲ್ಲ ಸೇರಿ ಅದರ ಮೈಮೇಲೆ ಡಾಂಬರಿನಂತೆ ಗಟ್ಟಿಯಾಗಿತ್ತು. ಆರ್ಗಿರೋ ಒರೆಸುವ ಬಟ್ಟೆ ಹಿಡಿದು ಬಂದಾಗಲೆಲ್ಲ ಅವನು ಬಾಗಿಲಲ್ಲೇ ತಡೆಯುತ್ತಿದ್ದ.

ಈ ಬೇಸಿಗೆಯಲ್ಲಿ ಝಾನಿಸ್‌ಗೆ ಹೃದಯದ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಅಥೆನ್ಸಿನಲ್ಲಿದ್ದ ಮಗಳ ಮನೆಗೆ ಹೋದ. ಹಗುರವಾದ ಕೆಲಸ ಮಾಡಬಹುದೆಂದು ಡಾಕ್ಟರು ಹೇಳಿದ್ದರೂ ಫೋನಿನಲ್ಲಿ ಅವನ ದನಿ ಬಿದ್ದುಹೋಗಿತ್ತು.

"ಅಂಗಡಿ ಮುಚ್ಬಿಡೋಣ ಕಣೆ. ಇನ್ನು ನನ್ ಕೈಲಾಗಲ್ಲ."

ಲೇತು ಬಿಟ್ಟ ಝಾನಿಸ್ ಕಾಫಿ ಅಂಗಡಿಯ ಕುರ್ಚಿಯಲ್ಲಿ ಸಾವಿಗೆ ಕಾಯುತ್ತ ಕೂರುತ್ತಾನೆ ಎಂದು ಆರ್ಗಿರೋಳಿಗೆ ಗೊತ್ತು. ನೋಡಿದ ಕೂಡಲೇ ಕೈಹಚ್ಚಬೇಕು ಅನ್ನಿಸುವಂತೆ ಆ ಯಂತ್ರವನ್ನು ಮಾಡಿಟ್ಟರೆ?

ಸೀಮೆಎಣ್ಣೆ, ಮರದ ಚಕ್ಕೆ, ಹಳೆಯ ಹಲ್ಲುಜ್ಜುವ ಬ್ರಷ್ಷು ತಂದಳು. ಒಂದು ಕಡೆಯಿಂದ ನೆನೆಸುತ್ತ, ಕೆರೆಯುತ್ತ, ಒರೆಸುತ್ತ ಹೋದಳು. ಸಂದುಗೊಂದುಗಳ ಜಿಡ್ಡನ್ನು ಹೇರ್‌ಪಿನ್ನಿನಿಂದ ಮೀಟಿದಳು. ಉಗುರು ಕಪ್ಪಾಯಿತು, ಸೊಂಟ ಹಿಡಿದುಕೊಂಡಿತು. ಕೊನೆಗೆ ಕಬ್ಬಿಣ ಬೆಳ್ಳಗೆ ನಕ್ಕಿತು.

"ಬರಿಮೈಲಿ ಬಿಟ್ರೆ ಕಡಲ ಗಾಳಿಗೆ ತುಕ್ಕು ಹಿಡಿಯಲ್ವೇನೆ?" ಎಂದಳು ಪಕ್ಕದ ಮನೆಯ ಮರೂಸಾ.

"ಅಷ್ಟೂ ಗೊತ್ತಿಲ್ವಾ ನಂಗೆ?" ಎಂದು ಆರ್ಗಿರೋ ಮನೆಯಿಂದ ಎಣ್ಣೆಯ ಡಬ್ಬಿ ತಂದಳು.

"ಅಯ್ಯೋ, ಯಂತ್ರಕ್ಕೆ ಯಾರಾದ್ರೂ ತಿನ್ನೋ ಎಣ್ಣೆ ಹಾಕ್ತಾರಾ?"

"ನಿಮ್ಮೂರ ಎಣ್ಣೆಯಾಗಿದ್ರೆ ನಾನೂ ಹಾಕ್ತಿರ್ಲಿಲ್ಲ ಬಿಡು."

ಧಾರಾಳವಾಗಿ ಸವರಿ ಬೀಗ ಹಾಕಿದಳು. ಆಗಸ್ಟಿನ ಬಿಸಿಲಿಗೆ ಅಂಗಡಿಯ ತಗಡಿನ ಸೂರು ಕಾದ ಬಾಣಲೆಯಾಯಿತು.

ಝಾನಿಸ್ ಹಡಗಿನಿಂದಿಳಿದಾಗ ಬೇಸಿಗೆ ಮುಗಿಯುತ್ತ ಬಂದಿತ್ತು. ಬಲವಂತವಾಗಿ ಅವನನ್ನು ಅಂಗಡಿಗೆ ಕರೆದೊಯ್ದಳು. ಫಳಫಳಿಸುವ ಲೇತನ್ನು ಕಂಡು ಅವನ ಮುಖ ಅರಳಿತು. ಹತ್ತಿರ ಹೋಗಿ ಕೈಚಕ್ರ ಹಿಡಿದು ತಿರುಗಿಸಿದ. ಅದು ಅಲುಗಲಿಲ್ಲ. ಎರಡೂ ಕೈ ಹಾಕಿದ. ಆಗಲೂ ಅಲುಗಲಿಲ್ಲ.

ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ನೋಡಿದ್ಯಾ? ಒಂದೇ ಬೆರಳಲ್ಲಿ ತಿರುಗಿಸ್ತಿದ್ದೆ ಇದನ್ನ. ತೋಳಲ್ಲಿ ಏನೂ ಉಳಿದಿಲ್ಲ, ಆರ್ಗಿರೋ. ಬೀಗ ಹಾಕು, ಹೋಗೋಣ."

ಅವಳು ಮೆಲ್ಲಗೆ ಚಕ್ರವನ್ನು ಮುಟ್ಟಿದಳು. ಬೆರಳು ಅಂಟಿಕೊಂಡಿತು. ಮೂಸಿದಳು. ತವರಿನ ಎಣ್ಣೆ ಬಿಸಿಲಿಗೆ ಒಣಗಿ ಗೋಂದಾಗಿ, ಯಂತ್ರವನ್ನೇ ಹಿಡಿದು ಕೂತಿತ್ತು. ಪ್ರಯಾಣದ ಸುಸ್ತು, ನಾಳೆ ನೋಡೋಣ ಎಂದು ತೇಲಿಸಿಬಿಡಬಹುದಿತ್ತು. ಅವನ ಬಗ್ಗಿದ ತಲೆಯನ್ನು ನೋಡಿದಳು.

"ನಿನ್ ತೋಳು ಸರಿಯಾಗೇ ಇದೆ. ನಾನು ಆಲಿವ್ ಎಣ್ಣೆ ಹಚ್ಚಿದೀನಿ. ಅಂಟ್ಕೊಂಡ್ಬಿಟ್ಟಿದೆ." ಅಂಟಿದ ಬೆರಳನ್ನು ಅವನ ಮುಂದೆ ಹಿಡಿದಳು. "ತಪ್ಪು ನಂದೇ, ಝಾನಿಸ್."

ಅವನು ತಲೆಯೆತ್ತಿದ. ಎದ್ದು ಹೋಗಿ ಮೂಸಿದ. ಆಮೇಲೆ ಗುಡುಗಿದ ಗುಡುಗು ಹಡಗುಕಟ್ಟೆಯವರೆಗೂ ಕೇಳಿಸಿತು.

"ಕತ್ತೆ! ಟೊಮೇಟೊ ಸಲಾಡ್ ಅಂದ್ಕೊಂಡ್ಯಾ ನಮ್ಮಪ್ಪನ ಲೇತನ್ನ? ಈರುಳ್ಳಿ ಯಾಕೆ ಬಿಟ್ಟೆ, ಅದನ್ನೂ ಹೆಚ್ಚಿ ಹಾಕ್ಬೇಕಿತ್ತು! ತಾ ಇಲ್ಲಿ ಸೀಮೆಎಣ್ಣೆ! ಸ್ಪ್ಯಾನರ್ ಎಲ್ಲಿ?"

ಕೋಟು ಕಳಚಿ ಮೂಲೆಗೆಸೆದ. ಒಂದೊಂದು ಬೋಲ್ಟು ಬಿಚ್ಚುತ್ತ ಬೈದ, ಒರೆಸುತ್ತ ಬೈದ. ಅವಳನ್ನು ಬೈದು ಮುಗಿಸಿ ಲೆಸ್ವೋಸ್‌ನ ಮರಗಳನ್ನೆಲ್ಲ ಬೈದ. ಆರ್ಗಿರೋ ಬಟ್ಟೆ ಹಿಂಡಿಕೊಡುತ್ತ ಎಲ್ಲ ಕೇಳಿಸಿಕೊಂಡಳು; ಇಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಬೈಗುಳ ನಿಂತಿತು. ಅವನು ಸ್ಪ್ಯಾನರ್ ಕೆಳಗಿಟ್ಟು ಉಸಿರೆಳೆದುಕೊಂಡ. ಮತ್ತೆ ಅಂಗಡಿ ಮುಚ್ಚೋಣ ಅಂದುಬಿಟ್ಟರೆ ಎಂದು ಅವಳಿಗೆ ಹೆದರಿಕೆಯಾಯಿತು.

"ಝಾನಿಸ್," ಎಂದಳು, "ಒಳಗಿನ ಹಲ್ಲುಚಕ್ರಗಳಿಗೂ ಹಾಕಿದೀನಿ."