ಕ್ಲೈಮ್ಯಾಕ್ಸ್ ಅಕ್ಕ

ಆ ಚಿತ್ರಮಂದಿರದಲ್ಲಿ ಕಸ ಗುಡಿಸುವ ಹೆಂಗಸಿಗೆ ಎಲ್ಲರೂ ಕ್ಲೈಮ್ಯಾಕ್ಸ್ ಅಕ್ಕ ಎನ್ನುತ್ತಿದ್ದರು. ಹೆಸರಿಟ್ಟವನು ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವವನು. ಕೈಗಿಂತ ಬಾಯಿಗೇ ಹೆಚ್ಚು ಕೆಲಸ ಕೊಡುವ ಆಸಾಮಿ. ಆದರೆ ಈ ಹೆಸರನ್ನು ಮಾತ್ರ ಅಳತೆ ತೆಗೆದು ಹೊಲಿದ ಹಾಗೆ ಇಟ್ಟಿದ್ದ. ಅಕ್ಕ ನೋಡಿದಷ್ಟು ಸಿನಿಮಾಗಳ ಕೊನೆಯನ್ನು ಆ ಊರಿನಲ್ಲಿ ಬೇರೆ ಯಾರೂ ನೋಡಿರಲಿಕ್ಕಿಲ್ಲ. ಹಾಗೆಯೇ ಒಂದೇ ಒಂದು ಸಿನಿಮಾದ ಮೊದಲನ್ನೂ ಅವಳು ನೋಡಿರಲಿಲ್ಲ.

ಕೆಲಸ ಇದ್ದದ್ದೇ ಹಾಗೆ. ಒಂದು ಆಟದ ಜನ ಹೊರಗೆ ಹೋಗಿ ಇನ್ನೊಂದು ಆಟದ ಜನ ಒಳಗೆ ಬರುವುದರ ನಡುವೆ ಸಿಗುವುದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ಅದರೊಳಗೆ ಇಡೀ ಸಿನಿಮಾ ಹಾಲು ಗುಡಿಸಿ, ಒರೆಸಿ, ಸೀಟಿನ ಸಂದಿಗಳಿಗೆ ಕೈ ಹಾಕಿ ಮುಗಿಸಬೇಕು. ಅದಕ್ಕೇ ಸಿನಿಮಾ ಮುಗಿಯುವ ಮೊದಲೇ ಪೊರಕೆ, ಬಕೆಟ್ಟು, ಕಸದ ಚೀಲ ಹಿಡಿದು ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ನುಸುಳಿ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಒಂದನೇ ಹಾಲು ಮುಗಿದರೆ ಎರಡನೆಯದು, ಎರಡು ಮುಗಿದರೆ ಮೂರು. ಹೀಗೆ ದಿನವಿಡೀ ಅವಳ ಕಣ್ಣಿಗೆ ಬೀಳುವುದು ಬರೀ ಕೊನೆಗಳು.

ಆ ಕೊನೆಗಳ ಬಗ್ಗೆ ಅವಳಿಗೆ ಎಳ್ಳಷ್ಟೂ ಗೌರವ ಇರಲಿಲ್ಲ.

"ನಿನ್ನೆ ಬಂದ ಆ ಪೊಲೀಸಿನೋನ ಪಿಚ್ಚರ್ ನೋಡಿದ್ಯಾ?" ಎಂದು ಟಿಕೆಟ್ ಹರಿಯುವವನನ್ನು ಹಿಡಿದು ನಿಲ್ಲಿಸುವಳು. "ಎದೆಗೆ ಗುಂಡು ಬಿದ್ದಿದೆ, ಬಾಯಲ್ಲಿ ರಕ್ತ, ಆದ್ರೂ ಆ ಖಳನಾಯಕ ಭಾಷಣ ನಿಲ್ಲಿಸ್ತಿಲ್ಲ. ಸಾಯಪ್ಪಾ ಬೇಗ, ನಂಗೆ ಗುಡ್ಸೋದಿದೆ ಅಂತ ನಾನು ಇಲ್ಲಿ ಒದ್ದಾಡ್ತಿದ್ರೆ, ಅವನು ಅವರಮ್ಮನ ವಿಷಯ ತೆಗೀತಾನೆ! ಥೂ!"

ಎಲ್ಲ ಕನಸು ಎಂದು ಮುಗಿಸುವ ಸಿನಿಮಾ ಎಂದರೆ ಅವಳಿಗೆ ಮೈ ಉರಿಯುತ್ತಿತ್ತು. ಮೂರು ಗಂಟೆ ಜನರನ್ನು ಕೂರಿಸಿ, ಕಡೆಗೆ ಹಾಸಿಗೆಯ ಮೇಲೆ ಆಕಳಿಸಿಕೊಂಡು ಎದ್ದು ಕೂರುವುದೆಂದರೆ ಏನರ್ಥ? ಎರಡನೇ ಭಾಗದಲ್ಲಿ ನೋಡಿ ಎಂದು ಅರ್ಧಕ್ಕೇ ಕೈ ತೊಳೆದುಕೊಳ್ಳುವವರ ಮೇಲಂತೂ ಇನ್ನೂ ಕೋಪ. ಕೊನೆ ಕೆಟ್ಟರೆ ಅದರ ಫಲ ಉಣ್ಣುವವಳು ಅವಳೇ ತಾನೇ. ಸಿಟ್ಟಾದ ಜನ ತಿಂದ ಡಬ್ಬವನ್ನು ಒದ್ದು ಹೋಗುತ್ತಾರೆ. ಅತ್ತ ಜನ ಮೂಗು ಒರೆಸಿದ ಕಾಗದವನ್ನು ಸೀಟಿನ ಸಂದಿಗೆ ತುರುಕುತ್ತಾರೆ. ಬೇಸರ ಬಂದವರು ಅಗಿದ ಚೂಯಿಂಗ್ ಗಮ್ಮನ್ನು ಕೈ ಇಡುವ ಜಾಗದ ಕೆಳಗೆ ಒತ್ತಿ, ಬೆರಳನ್ನು ಮುಂದಿನ ಸೀಟಿಗೆ ಒರೆಸಿ ಎದ್ದು ಹೋಗುತ್ತಾರೆ. ಒಳ್ಳೆಯ ಬಟ್ಟೆ ತೊಟ್ಟವರ ಸೀಟಿನ ಕೆಳಗೇ ಹೆಚ್ಚು ಹೇಸಿಗೆ ಇರುತ್ತದೆ ಎಂಬುದನ್ನು ಅವಳು ಎಲ್ಲಿ ಬೇಕಾದರೂ ನಿಂತು ಹೇಳಲು ತಯಾರಿದ್ದಳು. ಮೇಲೆ ಪ್ರೇಮ, ತ್ಯಾಗ, ಕೆಳಗೆ ಎಂಜಲು.

ಅವಳು ಸಹಿಸುತ್ತಿದ್ದದ್ದು ಒಂದೇ ಬಗೆಯ ಕೊನೆಯನ್ನು. ಮುನಿಸಿಕೊಂಡವರು ಒಂದಾಗಬೇಕು, ತಪ್ಪು ಮಾಡಿದವನು ಅಳಬೇಕು, ಮನೆಮಂದಿಯೆಲ್ಲ ಒಟ್ಟಿಗೆ ನಿಂತು ಕಣ್ಣೊರೆಸಿಕೊಳ್ಳಬೇಕು. ಅಂಥ ಕೊನೆ ನೋಡಿದ ಜನ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಧಾನವಾಗಿ ಹೋಗುತ್ತಾರೆ. ಗಲೀಜು ಸ್ವಲ್ಪ ಕಡಿಮೆ.

ಹೀಗಿರುವಾಗ ಮೂರನೇ ಹಾಲಿಗೆ ಒಂದು ಸಿನಿಮಾ ಬಂತು. ಅದರ ಕೊನೆಯಲ್ಲಿ ಒಬ್ಬ ಗಂಡಸು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಒಂದು ಮನೆಯ ಮುಂದೆ ನಿಲ್ಲುತ್ತಾನೆ. ಬಿಕ್ಕಿ ಬಿಕ್ಕಿ ಅಳುತ್ತಾನೆ. ನೀನಿಲ್ಲದೆ ಊಟ ಸೇರುತ್ತಿಲ್ಲ ಎನ್ನುತ್ತಾನೆ. ಹೆಂಡತಿ ಬಾಗಿಲು ತೆಗೆದು, ಅವನನ್ನು ಸುಮ್ಮನೆ ನೋಡಿ, ಮತ್ತೆ ಮುಚ್ಚುತ್ತಾಳೆ. ಅಷ್ಟೇ. ಪರದೆ ಕತ್ತಲಾಗುತ್ತದೆ.

"ಕಲ್ಲು ಅವಳ ಎದೆ, ಕಲ್ಲು!" ಎಂದು ಅಕ್ಕ ಮೊದಲ ದಿನವೇ ಮುಖ ಸಿಂಡರಿಸಿದಳು. "ಗಂಡಸು ಅಷ್ಟು ಅತ್ತ ಮೇಲೂ ಕರಗಲ್ಲ ಅಂದ್ರೆ ಅದೆಂಥಾ ಹೆಣ್ಣು ಅದು? ಇಂಥದ್ದನ್ನ ತೋರಿಸಿ ತೋರಿಸಿನೇ ಹೆಣ್ಣುಮಕ್ಕಳನ್ನ ಹಾಳು ಮಾಡಿರೋದು."

ಅವಳು ಇಷ್ಟು ಉರಿದು ಬೀಳಲು ಮನೆಯಲ್ಲಿ ಕಾರಣವಿತ್ತು. ಮದುವೆ ಮಾಡಿ ಕಳಿಸಿದ ಒಬ್ಬಳೇ ಮಗಳು ವರ್ಷ ತುಂಬುವುದರೊಳಗೆ ಗಂಡನನ್ನು ಬಿಟ್ಟು ಬಂದು ಕೂತಿದ್ದಳು. ಬಂದ ದಿನ ಅಕ್ಕ ಕೇಳಬೇಕಾದದ್ದನ್ನೆಲ್ಲ ಕೇಳಿದ್ದಳು.

"ಹೊಡೀತಾನಾ?"

"ಇಲ್ಲ."

"ಕುಡೀತಾನಾ?"

"ಇಲ್ಲಮ್ಮ."

"ಬೇರೆ ಯಾರಾದ್ರೂ ಇದಾರಾ?"

ಮಗಳು ನಕ್ಕಿದ್ದಳು. "ಏನೂ ಇಲ್ಲ ಬಿಡಮ್ಮ. ನಂಗೇ ಬುದ್ಧಿ ಸರಿಯಿಲ್ಲ ಅನ್ಸುತ್ತೆ."

"ಹಾಗಾದ್ರೆ ಇನ್ನೇನು ದೊಡ್ಡ ರೋಗ ನಿಂಗೆ?" ಎಂದು ಅಕ್ಕ ಅಂದಿದ್ದಳು. ಮಾತು ಅಲ್ಲಿಗೆ ಮುಗಿದಿತ್ತು.

ಆಮೇಲೆ ಅಳಿಯ ಬಂದ. ಬಾಗಿಲಲ್ಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತ. ಇನ್ನೊಂದು ಸಲ ಬಂದ, ಇನ್ನೂ ಜೋರಾಗಿ ಅತ್ತ. ಕೆಳಗಿನ ಮನೆಯವರು ಮೆಟ್ಟಿಲವರೆಗೆ ಬಂದು ನೋಡಿ, ಪಾಪ ಎಂದರು. ಅಕ್ಕನ ಕರುಳು ಚುರ್ರೆಂದಿತು. ಮಗಳು ಮಾತ್ರ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಅಕ್ಕನ ಗಂಡ ಸತ್ತ ಮೇಲೆ ಈ ಮನೆಯ ಹಿರಿತನ ಅವಳ ಅಣ್ಣನದು. ವಾಚು ರಿಪೇರಿ ಅಂಗಡಿ ಇಟ್ಟಿದ್ದ ಅವನಿಗೆ ಯಾವ ಕೆಲಸವೂ ಎಳೆದಾಡಬಾರದು. "ಭಾನುವಾರ ನಾನೇ ಅವನನ್ನ ಕರ್ಕೊಂಡು ಬರ್ತೀನಿ. ಅವತ್ತೇ ಕಳಿಸ್ಕೊಟ್ಟುಬಿಡೋಣ. ಬ್ಯಾಗ್ ರೆಡಿ ಇರ್ಲಿ," ಎಂದ. ಅಕ್ಕ ಹೂಂ ಎಂದಳು. ಮಗಳು ಏನೂ ಅನ್ನಲಿಲ್ಲ. ಒಪ್ಪಿದಳು ಎಂದೇ ಇಬ್ಬರೂ ತಿಳಿದರು.

ಶನಿವಾರ ಮಧ್ಯಾಹ್ನದ ಆಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಮ್ಯಾನೇಜರು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಓಡಿ ಬಂದ. ಮೂರನೇ ಹಾಲಿನಲ್ಲಿ ಯಾರದೋ ಮಗು ಸಾಲಿನ ನಟ್ಟನಡುವೆ ವಾಂತಿ ಮಾಡಿಕೊಂಡಿತ್ತು. ಸುತ್ತಲಿನವರು ಎದ್ದು ನಿಂತು ಗಲಾಟೆ ಮಾಡುತ್ತಿದ್ದರು.

"ಲೈಟ್ ಹಾಕೋಕಾಗಲ್ಲ, ಜನ ಬೈತಾರೆ. ಟಾರ್ಚಲ್ಲೇ ಮುಗಿಸಿಬಿಡಿ," ಎಂದ. ಹೇಳುವುದಕ್ಕೆ ಏನು ಕಷ್ಟ!

ಅಕ್ಕ ಹಳೆಯ ಪೇಪರು, ಬಟ್ಟೆ, ಫಿನಾಯಿಲ್ ಬಕೆಟ್ಟು ಹಿಡಿದು ಒಳಗೆ ಹೋದಳು. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಂಡಿಯೂರಿದಳು. ಬೆಣ್ಣೆಯ ಜಿಡ್ಡು, ಹಣ್ಣಿನ ರಸ, ಹುಳಿ ವಾಸನೆ. ಹಳೆಯ ಪೇಪರು ಹರಡಿ ಒರೆಸತೊಡಗಿದಳು. ಮಗುವಿನ ತಾಯಿ ಸಹಾಯ ಮಾಡುವುದಿರಲಿ, ಕಾಲು ಮೇಲೆತ್ತಿಕೊಂಡು ಅವಳ ತಲೆಯ ಮೇಲಿನಿಂದಲೇ ಸಿನಿಮಾ ನೋಡುತ್ತಿದ್ದಳು.

ಬಟ್ಟೆ ಹಿಂಡಲು ಅಕ್ಕ ತಲೆ ಎತ್ತಿದಳು. ಪರದೆಯ ಮೇಲೆ ಅದೇ ಗಂಡಸು, ಮಳೆಯಲ್ಲಿ ಅಳುವವನು. ಆದರೆ ಈಗ ತಲೆ ಒಣಗಿದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದಾನೆ, ನಗುತ್ತಿದ್ದಾನೆ. ಮೇಜಿನ ಸುತ್ತ ನೆಂಟರು. ಹೆಂಡತಿ ಬಡಿಸುತ್ತಿದ್ದಾಳೆ. ಅವನು ಒಂದು ಚಮಚ ಬಾಯಿಗಿಟ್ಟು, ಕೆಳಗಿಟ್ಟು, ಎದ್ದು ನಿಂತ. ಬಲು ವಿನಯದಿಂದ ಒಬ್ಬೊಬ್ಬರ ಕೈಯಿಂದಲೂ ತಟ್ಟೆ ತೆಗೆದುಕೊಂಡ. ಇದನ್ನು ತಿಂದು ನೀವು ಆಸ್ಪತ್ರೆ ಸೇರುವುದು ಬೇಡ ಎಂದು ಎಲ್ಲವನ್ನೂ ಕಸದ ಬುಟ್ಟಿಗೆ ಸುರಿದ. ಹೊರಗಿನಿಂದ ಊಟ ತರಿಸಲು ಫೋನ್ ತೆಗೆದ. ನೆಂಟರು ನಕ್ಕರು. ಹಾಲಿನಲ್ಲಿದ್ದವರೂ ನಕ್ಕರು. ಮಗುವಿನ ತಾಯಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆ ಹೆಂಡತಿಯೂ ನಕ್ಕಳು.

ಆ ನಗು ನೋಡಿ ಅಕ್ಕನ ಕೈ ನಿಂತುಹೋಯಿತು. ಅದು ಅವಳು ಮನೆಯಲ್ಲಿ ನೋಡಿದ ನಗು. ಬುದ್ಧಿ ಸರಿಯಿಲ್ಲ ಎಂದು ಮಗಳು ನಕ್ಕದ್ದು ಹೀಗೆಯೇ, ತುಟಿ ಹೀಗೆಯೇ ಒಂದು ಕಡೆಗೆ ಎಳೆದಿತ್ತು.

ನೆಲ ಯಾವಾಗಲೋ ಒಣಗಿತ್ತು. ಅವಳು ಏಳಲಿಲ್ಲ. ಸರಿದು ಹೋಗಿ ಮೆಟ್ಟಿಲ ಮೇಲೆ ಕೂತು ನೋಡಿದಳು. ಆ ಗಂಡಸು ಒಮ್ಮೆಯೂ ಕೈ ಎತ್ತಲಿಲ್ಲ, ಒಮ್ಮೆಯೂ ದನಿ ಏರಿಸಲಿಲ್ಲ. ನಗುನಗುತ್ತಲೇ ಹೆಂಡತಿಯನ್ನು ಇಷ್ಟಿಷ್ಟೇ ಸವೆಸಿದ. ಕೇಳಿದರೆ ತಮಾಷೆ ಎಂದ. ಇವನಿಗಾಗಿ ತಾನು ವಾರವಿಡೀ ಮರುಗಿದ್ದೆನಲ್ಲ, ಇವನ ಕಣ್ಣೀರಿಗೆ ಕರಗಲಿಲ್ಲವೆಂದು ಆ ಹೆಣ್ಣನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆನಲ್ಲ ಎಂದು ಅಕ್ಕನಿಗೆ ಅಸಹ್ಯವಾಯಿತು. ವಾಂತಿ ಒರೆಸಿದ ಕೈಗಿಂತ ಬೈದ ನಾಲಿಗೆಯೇ ಹೊಲಸು ಅನ್ನಿಸಿತು. ಮ್ಯಾನೇಜರು ಬಂದು ಕತ್ತಲಲ್ಲಿ ಹಲ್ಲು ಕಡಿಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಸಂಜೆ ಮನೆಗೆ ಹೋದಾಗ ಮಗಳು ನೆಲದ ಮೇಲೆ ಕೂತು ಬಟ್ಟೆ ಮಡಿಸಿ ಬ್ಯಾಗಿಗೆ ತುಂಬುತ್ತಿದ್ದಳು. ಅಕ್ಕ ಕೈಕಾಲು ತೊಳೆದು ಬಂದು ಎದುರಿಗೆ ಕೂತಳು.

"ಮದುವೆ ಆದ ಮೊದಲ ವಾರದಿಂದ ಹೇಳು," ಎಂದಳು.

"ಏನು?"

"ಏನೇನಾಯ್ತೋ ಎಲ್ಲ. ನಾನು ನಡುವೆ ಬಾಯಿ ಹಾಕಲ್ಲ."

"ಈಗ ಯಾಕಮ್ಮ? ನಾಳೆ ಹೋಗ್ತಿದೀನಲ್ಲ."

"ಅದಕ್ಕೇ ಕೇಳ್ತಿರೋದು ಕಣೇ. ಹೇಳು."

ಮಗಳು ಬಹಳ ಹೊತ್ತು ಅದೇ ಸೀರೆಯನ್ನು ಬಿಚ್ಚಿ ಮಡಿಸಿ ಬಿಚ್ಚಿ ಮಡಿಸಿ ಮಾಡಿದಳು. ಆಮೇಲೆ ಹೇಳಿದಳು. ಮೊದಲ ವಾರವೇ ಗಂಡ ನಕ್ಕು ಅವಳ ಫೋನ್ ತೆಗೆದಿಟ್ಟುಕೊಂಡಿದ್ದ. ತವರಿಗೆ ಫೋನ್ ಮಾಡಬೇಕಾದರೆ ಅವನ ಮುಂದೆಯೇ ಮಾಡಬೇಕು. ಎರಡನೇ ವಾರದಿಂದ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ. ಕಾಲ ಕೆಟ್ಟಿದೆ, ನಿನ್ನ ಒಳ್ಳೆಯದಕ್ಕೇ ಎಂದಿದ್ದ. ಸಂಜೆ ಬಂದು ಬೀಗ ತೆಗೆದಾಗ ನಗುಮುಖದಿಂದ ನಿಂತಿರಬೇಕು. ಮುಖ ಗಂಟು ಹಾಕಿಕೊಂಡಿದ್ದರೆ ಮಾತು ಬಿಡುವನು, ವಾರಗಟ್ಟಲೆ.

"ಒಂದಿನ ಗ್ಯಾಸ್ ಪೈಪ್ ಬಿಟ್ಕೊಳ್ತು. ಸಿಲಿಂಡರ್ ಮೇಲಿನ ತಿರುಪು ಗಟ್ಟಿಯಾಗಿ ಕೂತಿತ್ತು, ಎಷ್ಟು ತಿರುಗಿಸಿದ್ರೂ ಬರಲಿಲ್ಲ. ಬಾಗಿಲು ಬಡಿದೆ, ಮಹಡಿಲಿ ಯಾರೂ ಇರಲಿಲ್ಲ. ಸಂಜೆವರೆಗೂ ಕಿಟಕಿ ಸರಳಿಗೆ ಮುಖ ಒತ್ಕೊಂಡು ನಿಂತಿದ್ದೆ. ಅವರು ಬಂದು ಮೂಗು ಮುಚ್ಕೊಂಡು, ಏನು ಗಬ್ಬು ವಾಸನೆ ಇದು, ಮನೆ ನೋಡ್ಕೊಳೋಕೆ ಬರಲ್ವಾ ಅಂದ್ರು."

"ಆಮೇಲೆ?"

"ಆಮೇಲೇನು. ಪೈಪ್ ಬದಲಾಯಿಸಿದ್ರು. ಮಾರನೇ ದಿನ ಮತ್ತೆ ಬೀಗ." ಮಗಳು ಸೀರೆಯನ್ನು ಬ್ಯಾಗಿಗಿಟ್ಟಳು. "ಬಂದಿದ್ದು ಹೇಗೆ ಅಂತ ನೀನು ಕೇಳ್ಲೇ ಇಲ್ಲ. ಅವರು ಮನೇಲಿದ್ದಾಗ, ಕಸ ಹಾಕಿ ಬರ್ತೀನಿ ಅಂತ ಕೆಳಗಿಳಿದೆ. ಹಾಗೇ ಬಸ್ ಹತ್ತಿದೆ."

ಬಂದ ದಿನ ಮಗಳ ಕೈಯಲ್ಲಿ ಒಂದು ಕಸದ ಕವರು ಇತ್ತು. ಥೂ, ಇದೇನೇ ಅಸಹ್ಯ, ಊರೂರು ದಾಟಿ ಕಸ ಹೊತ್ಕೊಂಡು ಬಂದಿದೀಯಾ ಎಂದು ಅಕ್ಕ ಗದರಿ, ಅದನ್ನು ಕಿತ್ತು ಬುಟ್ಟಿಗೆಸೆದಿದ್ದಳು. ಈಗ ಅದು ನೆನಪಾಗಿ ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಳು ಬಂದದ್ದಕ್ಕಲ್ಲ. ತನ್ನ ಮೇಲೆ ತನಗೇ ವಾಕರಿಕೆ ಬಂದದ್ದಕ್ಕೆ.

ಬ್ಯಾಗನ್ನು ಅವಳೇ ಎಳೆದು, ಬಟ್ಟೆ ತೆಗೆದು ಮತ್ತೆ ಬೀರುವಿನಲ್ಲಿ ಇಟ್ಟಳು.

ಭಾನುವಾರ ಅಣ್ಣ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಒಂದು ಕೈ ಅಳಿಯನ ಹೆಗಲ ಮೇಲಿತ್ತು. ಅಳಿಯ ಹೊಸ್ತಿಲು ಕಂಡದ್ದೇ ಮಂಡಿಯೂರಿ ಬಿಕ್ಕಿದ. ಅದೇ ಜಾಗ, ಅದೇ ಏರಿಳಿತ. ಹಿಂದಿನ ಸಲ ಕರುಳು ಹಿಂಡಿದ ಆ ಅಳು ಇವತ್ತು ಅಕ್ಕನ ಕಿವಿಗೆ ನೀರು ನಿಂತ ಮೋರಿಯ ಗೊಳಗೊಳದ ಹಾಗೆ ಕೇಳಿಸಿತು.

"ಸಾಕು ಏಳಪ್ಪಾ, ಸಾಕು," ಎಂದ ಅಣ್ಣ. ಆಮೇಲೆ ತಂಗಿಯ ಕಡೆ ತಿರುಗಿ, "ನೋಡಮ್ಮ, ಗಂಡಸು ಹೀಗೆ ಅಳೋದು ಸುಮ್ನೆ ಅಲ್ಲ. ದೊಡ್ಡ ಮನಸ್ಸು ಮಾಡಿ ಇದನ್ನ ಇಲ್ಲಿಗೆ ಮುಗಿಸೋಣ. ಬ್ಯಾಗ್ ಎಲ್ಲಿ?"

"ಅಳಿಯಂದ್ರೇ, ನೀವು ಬಾಗಿಲಿಗೆ ಹಾಕ್ತಿದ್ರಲ್ಲ, ಆ ಬೀಗದ ಕೈ ಎಲ್ಲಿದೆ?" ಎಂದಳು ಅಕ್ಕ.

ಅವನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಹೋದದ್ದು ಗೊತ್ತಾಗಿ ಅಲ್ಲೇ ನಿಂತಿತು.

"ಇನ್ಮೇಲೆ ಹಾಕಲ್ಲ ಅತ್ತೆ," ಎಂದ.

"ಯಾವ ಬೀಗ?" ಎಂದ ಅಣ್ಣ.

ಅಳಿಯ ಎದ್ದು ಮಂಡಿಯ ಧೂಳು ಕೊಡವಿಕೊಂಡ. ಅವನ ಕಣ್ಣು ಅಷ್ಟರಲ್ಲೇ ಒಣಗಿತ್ತು. "ಅದೆಲ್ಲ ಹಳೇದು ಮಾವ, ಗಂಡ ಹೆಂಡ್ತಿ ಮಧ್ಯೆ ಇರೋದೇ. ಈಗ್ಯಾಕೆ ಅದೆಲ್ಲ?" ಎಂದು ನಗಲು ನೋಡಿದ. ಆ ನಗುವನ್ನು ಅಕ್ಕ ಮೊದಲ ಸಲ ಸರಿಯಾಗಿ ನೋಡಿದಳು. ಮುಖಕ್ಕೆ ಉಗಿಯಬೇಕೆನ್ನಿಸಿತು. ಒರೆಸುವವಳು ತಾನೇ ಎಂದು ತಡೆದುಕೊಂಡಳು.

ಅವಳು ಸ್ಟೂಲು ಎಳೆದು ಅಣ್ಣನ ಮುಂದಿಟ್ಟಳು. "ಕೂತ್ಕೋ ಅಣ್ಣ. ನಾನೂ ನಿನ್ನ ಹಾಗೇ ಬರೀ ಅಳು ನೋಡಿ ತೀರ್ಮಾನ ಮಾಡಿದ್ದೆ. ಇವಳು ಹೇಳೋದನ್ನ ಕೇಳು."

"ಊಟಕ್ಕೆ ಅಂಗಡಿ ಮುಚ್ಚಿ ಬಂದಿದೀನಿ, ಬೇಗ..."

"ಕೂತ್ಕೋ."

ಅಣ್ಣ ಕೂತ. ಮಗಳು ಅಡುಗೆಮನೆಯಿಂದ ಹೊರಗೆ ಬಂದು ಅಮ್ಮನ ಪಕ್ಕ ನಿಂತಳು. ಮೊದಲ ವಾರದಿಂದ ಶುರು ಮಾಡಿದಳು. ಫೋನಿನ ಮಾತು ದಾಟುವಷ್ಟರಲ್ಲಿ ದನಿ ಗಟ್ಟಿಯಾಯಿತು. ಎರಡನೇ ವಾರಕ್ಕೆ ಬರುವಾಗ ಅಳಿಯ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದ. ಅವನನ್ನು ಯಾರೂ ಕರೆಯಲಿಲ್ಲ. ಅಣ್ಣ ತಲೆ ತಗ್ಗಿಸಿ ಕೂತಿದ್ದ.

"ಸಾಕು ಬಿಡಮ್ಮಾ," ಎಂದ ಅವನು, ಸೋದರಸೊಸೆಗೋ ತಂಗಿಗೋ ತಿಳಿಯದ ಹಾಗೆ. "ಇನ್ನು ಕೇಳೋಕಾಗಲ್ಲ."

"ಕೇಳು ಅಣ್ಣ," ಎಂದಳು ಅಕ್ಕ. "ಇನ್ನೂ ಮೊದಲ ತಿಂಗಳೇ ಮುಗಿದಿಲ್ಲ."