ಅವ್ವನ ಹೆಸರಿನ ಮುಂದಿದ್ದ ಸೊನ್ನೆ

ಸುರಪುರದ ಅಂಚೆ ಕಚೇರಿಯಲ್ಲಿ ನಾನು ಕೌಂಟರಿನ ಹಿಂದೆ ಕೂತು ಇಪ್ಪತ್ತು ವರ್ಷದ ಮೇಲಾಯಿತು. ಯಾರದೇ ಪಾಸ್‌ಬುಕ್ಕಿರಲಿ, ಎರಡು ಸಲ ಕೂಡಿ ನೋಡದೆ ಮುದ್ರೆ ಒತ್ತಿದವಳಲ್ಲ. ಅಂಥವಳು ಫೋನಿನಲ್ಲಿ ಕಂಡ ಒಂದು ಅಂಕಿಯನ್ನು ನಂಬಿ ಒಡಹುಟ್ಟಿದ ತಮ್ಮನನ್ನು ಕಳ್ಳನೆಂದೆ.

ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ನಿವೃತ್ತಿಯಾದ ಎರಡನೇ ವರ್ಷ ತೀರಿಕೊಂಡರು. ಅವರಿಗೆ ಬಂದಿದ್ದ ಹಣದಲ್ಲಿ ಉಳಿದದ್ದು ಅವ್ವನ ಹೆಸರಿಗಾಯಿತು. ಅಂಚೆ ಕಚೇರಿಯಲ್ಲೇ ಇಡೋಣವೆಂದು ನಾನು ಹಟ ಹಿಡಿದೆ. ತಮ್ಮ ಒಪ್ಪಲಿಲ್ಲ.

"ನಿಮ್ಮ ಅಂಚ್ಯಾಗ ಇಟ್ರ ಎಷ್ಟರ ಬೆಳೀತದಕ್ಕ? ಮ್ಯೂಚುವಲ್ ಫಂಡಿಗೆ ಹಾಕಿ ಹತ್ತು ವರ್ಷ ಸುಮ್ಮನ ಬಿಡೋಣು" ಎಂದ.

ಶಹಾಪುರದಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ವೋಲ್ಟೇಜ್ ಏರಿಳಿದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿಕೊಡುತ್ತಾನೆ. ಓದಿದ್ದು ಎಸ್ಸೆಸ್ಸೆಲ್ಸಿ. ಅವ್ವ ಅವನ ಮನೆಯಲ್ಲೇ ಇದ್ದುದರಿಂದ ಅವನ ಮಾತೇ ನಡೆಯಿತು. ಸರ್ಕಾರಿ ನೌಕರಿಯ ಅಕ್ಕನನ್ನು ಬಿಟ್ಟು ಅವ್ವ ಅವನ ಮಾತು ಕೇಳಿದಳಲ್ಲ ಎಂಬ ಮುಳ್ಳು ನನ್ನೊಳಗೆ ಉಳಿಯಿತು. ಇದನ್ನು ಒಪ್ಪಿಕೊಳ್ಳಲು ನನಗೆ ಬಹಳ ದಿನ ಹಿಡಿದಿದೆ.

ಅವ್ವನಿಗೆ ಇ-ಮೇಲ್ ಎಲ್ಲಿಂದ ಬರಬೇಕು? ಅರ್ಜಿಯಲ್ಲಿ ತಮ್ಮ ನನ್ನದನ್ನೇ ಬರೆಸಿದ್ದ. ಪ್ರತಿ ತಿಂಗಳು ಹೂಡಿಕೆಯ ಸ್ಟೇಟ್‌ಮೆಂಟ್ ನನ್ನ ಫೋನಿಗೆ ಬರುತ್ತಿತ್ತು. ಅದನ್ನು ತೆರೆಯಲು ಪಾಸ್‌ವರ್ಡ್ ಬೇಕು, ತೆರೆದರೆ ಇರುವೆ ಸಾಲಿನಂಥ ಅಕ್ಷರ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಒಂದು ಆ್ಯಪ್ ಹಾಕಿಕೊಟ್ಟು, ಪಾಸ್‌ವರ್ಡನ್ನೂ ಅದರಲ್ಲೇ ತುಂಬಿಸಿದರು. ಸ್ಟೇಟ್‌ಮೆಂಟನ್ನು ಅದಕ್ಕೆ ಒಪ್ಪಿಸಿದರೆ ತಾನೇ ಓದಿಕೊಂಡು, ಅವ್ವನ ಹೆಸರಿನ ಮುಂದೆ ಒಟ್ಟು ಮೊತ್ತವನ್ನು ದಪ್ಪ ಅಕ್ಷರದಲ್ಲಿ ತೋರಿಸುತ್ತಿತ್ತು. ಎರಡು ವರ್ಷ ನಾನು ನೋಡಿದ್ದು ಆ ದಪ್ಪ ಅಕ್ಷರವನ್ನಷ್ಟೇ.

ಆಷಾಢದ ಒಂದು ಶನಿವಾರ ಎಂದಿನಂತೆ ಸ್ಟೇಟ್‌ಮೆಂಟ್ ಒಪ್ಪಿಸಿದೆ. ಅವ್ವನ ಹೆಸರಿನ ಮುಂದೆ ಸೊನ್ನೆ ಬಂತು. ಅದರ ಕೆಳಗೆ ಕೆಂಪಕ್ಷರದಲ್ಲಿ, ಯೂನಿಟ್‌ಗಳೆಲ್ಲ ಮಾರಾಟವಾಗಿವೆ, ಅಂದರೆ ಫಂಡಿನಲ್ಲಿದ್ದ ಅವ್ವನ ಪಾಲೆಲ್ಲ ಹೋಗಿದೆ, ಎಂದಿತ್ತು. ಆ್ಯಪನ್ನು ಮುಚ್ಚಿ ಮತ್ತೆ ತೆರೆದೆ. ಅದೇ ಸೊನ್ನೆ.

ಅದರ ಹಿಂದಿನ ತಿಂಗಳಷ್ಟೇ ತಮ್ಮ ಪಕ್ಕದ ಮಳಿಗೆಯನ್ನೂ ಬಾಡಿಗೆಗೆ ಹಿಡಿದು, ತಂತಿ ಸುತ್ತುವ ಹೊಸ ಯಂತ್ರ ತಂದಿದ್ದ. ಪೂಜೆಗೆ ನಾನೇ ಹೋಗಿ ಪೇಢೆ ತಿಂದು ಬಂದಿದ್ದೆ. ಈಗ ನನ್ನ ತಲೆಯಲ್ಲಿ ಆ ಸೊನ್ನೆಯೂ ಈ ಯಂತ್ರವೂ ಒಂದಕ್ಕೊಂದು ಕೂಡಿಕೊಂಡವು.

ಮರುದಿನ ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋದೆ. ತಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ. ಅವ್ವ ಅಕ್ಕಿ ಆರಿಸುತ್ತಿದ್ದಳು. ಅವನ ಹೆಂಡತಿ ಹೊಲಿಗೆ ಯಂತ್ರದ ಮುಂದಿದ್ದಳು. ಕೂತು, ನೀರು ಕುಡಿದು, ಅವನನ್ನು ಒಳಗೆ ಕರೆದು ಕೇಳಬಹುದಿತ್ತು. ನಾನು ನಿಂತೇ ಕೇಳಿದೆ.

"ಅವ್ವನ ರೊಕ್ಕ ಎಲ್ಲದ?"

"ಎಲ್ಲಿರ್ಬೇಕೋ ಅಲ್ಲೇ ಅದ. ಯಾಕಕ್ಕ?"

ಫೋನನ್ನು ಅವನ ಮುಖದ ಮುಂದೆ ಹಿಡಿದೆ. ಅವನು ಕೈ ಒರೆಸಿಕೊಂಡು ನೋಡಿದ.

"ಇದೇನೋ ತಪ್ಪು ತೋರಿಸ್ಲಾಕತ್ತದ. ನಾ ಏನೂ ಮಾರಿಲ್ಲ. ಫಂಡಿನವರದು ಒಂದು ಕಾಗದ ಬಂದಿತ್ತು. ಪೆಟಗ್ಯಾಗ ಅದ, ಓದು."

"ಕಾಗದ ಬ್ಯಾಡ. ಹೊಸ ಮಷೀನಿಗಿ ರೊಕ್ಕ ಎಲ್ಲಿಂದ ಬಂತು, ಅದನ್ನ ಹೇಳು."

ಹೊಲಿಗೆ ಯಂತ್ರ ನಿಂತಿತು. ತಮ್ಮನ ಮುಖದಲ್ಲಿ ಸಿಟ್ಟು ಬರುತ್ತದೆಂದುಕೊಂಡಿದ್ದೆ, ಬರಲಿಲ್ಲ.

"ನಾ ಕದ್ದೀನಂತೀಯೇನಕ್ಕ?"

"ಮತ್ತೇನನ್ಲಿ? ಕಂಪ್ಯೂಟರ್ ಸುಳ್ಳ ಹೇಳ್ತದ, ನೀ ಖರೆ ಹೇಳ್ತಿ. ಕಳ್ಳಗ ಕಳ್ಳ ಅನ್ನಬಾರದೇನು?"

ಅವನು ಒಳಗೆ ಹೋಗಿ ಕಾಗದಪತ್ರದ ತಗಡಿನ ಪೆಟ್ಟಿಗೆ ತಂದು ನನ್ನ ಕಾಲ ಬಳಿ ಇಟ್ಟ. "ಇವತ್ತಿಂದ ನೀನೇ ನೋಡ್ಕೊ" ಎಂದು ಚಪ್ಪಲಿ ಮೆಟ್ಟಿ ಅಂಗಡಿಯ ಕಡೆ ನಡೆದುಬಿಟ್ಟ.

ಅವ್ವ ಮೊರ ಕೆಳಗಿಟ್ಟಳು. "ರೊಕ್ಕ ಹೋದ್ರ ಹೋಗ್ಲಿ. ಈ ಮಾತ ಮನ್ಯಾಗ ಆಡಬಾರದಿತ್ತವ್ವ ನೀ" ಎಂದಳು. ಆ ಪೆಟ್ಟಿಗೆಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಂಡು ಬಸ್ ಹತ್ತಿದೆ.

ಮನೆಗೆ ತಂದವಳು ಪೆಟ್ಟಿಗೆ ತೆರೆಯಲಿಲ್ಲ, ಮುಂದಿನ ತಿಂಗಳ ಸ್ಟೇಟ್‌ಮೆಂಟನ್ನೂ ನೋಡಲಿಲ್ಲ. ಕಾಗದಗಳನ್ನು ಓದಿದರೆ ಅವನಿಗೆ ಸಮಜಾಯಿಷಿಯ ಅವಕಾಶ ಕೊಟ್ಟಂತೆ ಅನ್ನಿಸುತ್ತಿತ್ತು. ಶ್ರಾವಣ ಬಂತು. ಮದುವೆಯಾದ ವರ್ಷದಿಂದ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ತಮ್ಮ ಬರುವುದು ತಪ್ಪಿರಲಿಲ್ಲ. ಆ ವರ್ಷ ನಾನು ಚೀಲ ಕಟ್ಟಲಿಲ್ಲ. ಆದರೂ ನಾಗಪ್ಪನಿಗೆ ಹಾಲೆರೆಯುವ ದಿನ ಗಾಡಿಯ ಸದ್ದಾದಾಗಲೆಲ್ಲ ಬಾಗಿಲಿಗೆ ಬಂದು ನೋಡಿದೆ. ಅವನು ಬರಲಿಲ್ಲ. ನನ್ನ ಗಂಡ ಏನೂ ಕೇಳದೆ ಪೇಟೆಯಿಂದ ಶೇಂಗಾ ಉಂಡಿ ತಂದಿಟ್ಟರು. ಒಂದನ್ನೂ ನನ್ನಿಂದ ತಿನ್ನಲಾಗಲಿಲ್ಲ.

ಹಬ್ಬ ಮುಗಿದ ಮೇಲೆ ರಜೆ ಹಾಕಿ ಯಾದಗಿರಿಗೆ ಹೊರಟೆ. ಸ್ಟೇಷನ್ ರಸ್ತೆಯ ಒಂದು ಮಹಡಿಯ ಮೇಲೆ ಫಂಡಿನ ಕಾಗದಪತ್ರ ನೋಡಿಕೊಳ್ಳುವ ಚಿಕ್ಕ ಕಚೇರಿಯಿತ್ತು. ಅವ್ವನ ಯೂನಿಟ್ಟುಗಳನ್ನು ಯಾರ ಸಹಿಯ ಮೇಲೆ ಮಾರಿದಿರಿ ಎಂದು ಕೇಳುವುದಕ್ಕೇ ಹೋಗಿದ್ದೆ. ತಗಡಿನ ಪೆಟ್ಟಿಗೆ ಚೀಲದಲ್ಲಿತ್ತು. ಅಲ್ಲಿದ್ದ ಹೆಣ್ಣುಮಗಳು ನನ್ನ ದೂರನ್ನೆಲ್ಲ ತಾಳ್ಮೆಯಿಂದ ಕೇಳಿದಳು.

"ಸ್ಟೇಟ್‌ಮೆಂಟ್ ತಗದ್ ನೋಡೀರೇನ್ರಿ ಮೇಡಮ್?"

"ಆ್ಯಪಿನ್ಯಾಗ ನೋಡೀನಿ."

"ಆ್ಯಪ್ ಅಲ್ರಿ. ಸ್ಟೇಟ್‌ಮೆಂಟ್."

ಪಾಸ್‌ವರ್ಡಿಗೆ ಅವ್ವನ ಪ್ಯಾನ್ ನಂಬರ್ ಬೇಕಾಯಿತು. ಪೆಟ್ಟಿಗೆ ತೆರೆದೆ. ಪ್ಯಾನ್ ಕಾರ್ಡಿನ ಮೇಲೇ ಫಂಡಿನವರ ಪತ್ರವಿತ್ತು. ಅವ್ವ ಹಣ ಹಾಕಿದ್ದ ಯೋಜನೆಯನ್ನು ಅದೇ ಕಂಪನಿಯ ಇನ್ನೊಂದು ಯೋಜನೆಯೊಂದಿಗೆ ಕೂಡಿಸುತ್ತಿದ್ದೇವೆ, ಹಳೆಯ ಯೂನಿಟ್ಟುಗಳ ಬದಲು ಹೊಸವು ತಾವಾಗಿ ಬರುತ್ತವೆ ಎಂದು ಅದರಲ್ಲಿ ಬರೆದಿತ್ತು. ಆಕೆ ನನ್ನ ಫೋನಿನಲ್ಲಿ ಸ್ಟೇಟ್‌ಮೆಂಟ್ ತೆರೆದು ಬೆರಳಿಟ್ಟು ತೋರಿಸಿದಳು. ಮೊದಲ ಪುಟದ ಕೊನೆಗೆ, ಹಳೆಯ ಯೋಜನೆಯಿಂದ ಎಲ್ಲ ಯೂನಿಟ್ಟುಗಳೂ ಹೊರಗೆ. ಎರಡನೇ ಪುಟದ ಮೊದಲಿಗೆ, ಅದೇ ದಿನ, ಅಷ್ಟೇ ಹಣದ ಯೂನಿಟ್ಟುಗಳು ಹೊಸ ಯೋಜನೆಯೊಳಗೆ.

"ನಿಮ್ಮ ಆ್ಯಪ್ ಹೋದದ್ದು ಓದ್ಯದ, ಬಂದದ್ದು ಓದಿಲ್ರಿ. ರೊಕ್ಕ ಎಲ್ಲೂ ಹೋಗಿಲ್ಲ" ಎಂದಳು.

ಎರಡೂ ಪುಟಗಳ ಮೊತ್ತವನ್ನು ಎರಡು ಸಲ ತಾಳೆ ಹಾಕಿದೆ. ಆಕೆ ಕುಡಿಯಲು ನೀರು ಕೊಟ್ಟಳು. ಆ ಎರಡನೇ ಪುಟ ಒಂದೂವರೆ ತಿಂಗಳಿಂದ ನನ್ನ ಫೋನಿನಲ್ಲೇ ಬಿದ್ದಿತ್ತು. ಕೌಂಟರಿನಲ್ಲಿ ಹಳ್ಳಿಯ ಮುದುಕಿಯೊಬ್ಬಳ ಐನೂರು ರೂಪಾಯಿಯನ್ನೂ ನಾನು ಹಾಗೆ ಪೂರ್ತಿ ನೋಡದೆ ಬಿಡುತ್ತಿರಲಿಲ್ಲ.

ಮರಳುವಾಗ ಶಹಾಪುರದಲ್ಲಿ ಇಳಿದೆ. ತಮ್ಮ ಅಂಗಡಿಯಲ್ಲಿ ನೆಲದ ಮೇಲೆ ಕೂತು, ವನದುರ್ಗದ ಕಡೆಯಿಂದ ಬಂದ ಮೋಟಾರೊಂದರ ಸುಟ್ಟ ತಂತಿ ಕೀಳುತ್ತಿದ್ದ. ನನ್ನನ್ನು ಕಂಡು ಸ್ಟೂಲು ಸರಿಸಿದ. ನಾನು ಅವನೆದುರು ನೆಲದಲ್ಲೇ ಕೂತೆ.

"ತಪ್ಪಾತೋ ತಮ್ಮ. ರೊಕ್ಕ ಅಲ್ಲೇ ಅದ" ಎಂದೆ.

"ನಂಗೊತ್ತದಲ್ಲ."

ಇನ್ನೊಂದು ಸುರುಳಿ ಕಿತ್ತು ಪಕ್ಕಕ್ಕಿಟ್ಟ. ಆಮೇಲೆ ತಲೆಯೆತ್ತದೆ ಹೇಳಿದ: "ನೀ ಕೇಳಿದ್ದಕ್ಕ ನಂಗ ಸಿಟ್ಟಿಲ್ಲಕ್ಕ. ಅವ್ವನ ರೊಕ್ಕ, ಕೇಳಬೇಕು. ನಾ ಮಾರಿಲ್ಲ ಅಂದಿನಿ. ಅದರ ಮ್ಯಾಲೂ ನೀ ಆ ಫೋನೇ ನೋಡಿದಿ."

ನನಗೆ ಅಳು ಬಂತು. ಅವನು ಚಹಾ ತರಿಸಿದ, ಇಬ್ಬರೂ ಕುಡಿದೆವು. ಮನೆಗೆ ಹೋದಾಗ ಅವ್ವ ನನ್ನ ತಲೆ ನೇವರಿಸಿದಳು. ಅವನ ಹೆಂಡತಿ ಮಾತ್ರ ರೊಟ್ಟಿ ಬಡಿಸುತ್ತ, "ಅಂಗಡ್ಯಾಗಿನ ಹೊಸ ಮಷೀನಿನ್ಯಾಗ ನನ್ನ ಆರು ವರ್ಷದ ಹೊಲಿಗಿ ರೊಕ್ಕ ಅದ ಅಕ್ಕಾರ" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಅದು ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆ್ಯಪಿನವರಿಗೆ ಬರೆದೆ. ಎರಡು ವಾರದ ಮೇಲೆ, ಗಮನಕ್ಕೆ ತಂದದ್ದಕ್ಕೆ ಧನ್ಯವಾದ, ಸರಿಪಡಿಸಿದ್ದೇವೆ ಎಂದು ಉತ್ತರ ಬಂತು. ತೆರೆದು ನೋಡಿದರೆ ಪೂರ್ತಿ ಮೊತ್ತ ಎಂದಿನ ಜಾಗದಲ್ಲಿತ್ತು. ಹಣ ಬೆಳೆದದ್ದನ್ನು ತೋರಿಸುವ ಗೆರೆ ಎಲ್ಲೂ ತುಂಡಾಗಿರಲಿಲ್ಲ. ಆ ಸೊನ್ನೆ ಒಂದು ದಿನವಾದರೂ ಅಲ್ಲಿತ್ತು ಎನ್ನುವುದಕ್ಕೆ ಯಾವ ಗುರುತೂ ಉಳಿದಿರಲಿಲ್ಲ. ಅಂದೇ ಅದನ್ನು ಫೋನಿನಿಂದ ತೆಗೆದುಹಾಕಿದೆ.

ಪೆಟ್ಟಿಗೆಯನ್ನು ತಮ್ಮನಿಗೇ ವಾಪಸ್ ಕೊಟ್ಟೆ. ತೆಗೆದುಕೊಂಡ. ಆಮೇಲೆ ಫಂಡಿನವರಿಂದ ಯಾವ ಕಾಗದ ಬಂದರೂ, ಬ್ಯಾಂಕಿನಿಂದ ಒಂದು ಚೀಟಿ ಬಂದರೂ ಫೋಟೊ ತೆಗೆದು ನನಗೆ ವಾಟ್ಸಾಪಿನಲ್ಲಿ ಕಳಿಸತೊಡಗಿದ. ಕೆಳಗೆ ಒಂದೇ ಸಾಲು: "ನಿಮ್ಮ ಗಮನಕ್ಕೆ." ಹುಟ್ಟಿದಂದಿನಿಂದ ನನ್ನನ್ನು ನೀನು ಎಂದವನು ಹಾಗೆ ಬರೆಯುತ್ತಿದ್ದ. ಇದೆಲ್ಲ ಬೇಡವೋ ಎಂದು ಎರಡು ಸಲ ಹೇಳಿದೆ. ಅವನು ಬಿಡಲಿಲ್ಲ. ನಾನು ಪ್ರತಿ ಸಲ "ಸರಿ ತಮ್ಮ" ಎಂದಷ್ಟೇ ಉತ್ತರಿಸುತ್ತಿದ್ದೆ. ಹೀಗೆ ಒಂದು ವರ್ಷಕ್ಕಿಂತ ಹೆಚ್ಚು ಕಳೆಯಿತು.

ಹೋದ ತಿಂಗಳು ಅವ್ವ ಫೋನಿನಲ್ಲಿ ಅದೂ ಇದೂ ಮಾತಾಡುತ್ತ, ಹದಿನೈದು ದಿನದ ಹಿಂದೆ ಫಂಡಿನದು ಏನೋ ಕಾಗದ ಬಂದಿತ್ತು, ತಮ್ಮ ಓದಿ ಒಳಗಿಟ್ಟ ಎಂದಳು. ನನಗೆ ಅದರ ಫೋಟೊ ಬಂದಿರಲಿಲ್ಲ. ಮರೆತನೋ, ಈ ಸಲ ನನಗೆ ಲೆಕ್ಕ ಒಪ್ಪಿಸಬೇಕೆನಿಸಲಿಲ್ಲವೋ ತಿಳಿಯದು. ಫೋನಿಟ್ಟ ಮೇಲೆ ವಾಟ್ಸಾಪ್ ತೆರೆದು, ಅವನು ಕಳಿಸಿದ್ದ ಹಳೆಯ ಫೋಟೊಗಳನ್ನು ನೋಡಿ ಮುಚ್ಚಿದೆ. ಅದೇನು ಕಾಗದವೆಂದು ನಾನು ಅವನನ್ನು ಕೇಳಲಿಲ್ಲ.